ಗೇಟಿನಾಚೆಯ ಗುರುತು

ರಾಗಿ ಒಣಹಾಕುವ ನೀಲಿ ಟಾರ್ಪಾಲನ್ನು ಮುನಿಶಾಮಯ್ಯ ಅಂಗಳದಲ್ಲಿ ಹರಡಿ, ನಾಲ್ಕು ಮೂಲೆಗಳನ್ನೂ ಕಾಲಿನಿಂದಲೇ ಸರಿಮಾಡಿದ. ಅದರಲ್ಲಿ ಸುತ್ತಬೇಕಾಗಿದ್ದದ್ದು ಅವನ ತಂಗಿ ಮುನಿರತ್ನಮ್ಮನನ್ನು. ಬೆಳಗಿನಿಂದ ಅವಳು ಜಗಲಿಯ ಚಾಪೆಯ ಮೇಲಿದ್ದಳು.

"ನೀರುಗೀರು ಏನೂ ಬ್ಯಾಡ. ಇಂಗೇ ಸುತ್ತಿ ಎತ್ಕೊಂಡೋಗ್ಬುಡಣ. ಆ ಕಾಯ್ಲೆ ಮೈ ಮುಟ್ಟೋರ್ಯಾರು?" ಅಂದ ಮುನಿಶಾಮಯ್ಯ.

"ಸತ್ತಿದ್ದು ಹಾರ್ಟ್ ಅಟ್ಯಾಕಲ್ಲಿ ಅಲ್ವೇನಣ್ಣ?" ಅಂದ ಪಕ್ಕದ ಮನೆಯ ದೇವರಾಜ್.

"ಯಾವುದ್ರಲ್ಲಿ ಸತ್ರೇನ್ಲಾ? ಮೈಯೊಳಗಿದ್ದದ್ದು ಎಲ್ಲೋಗ್ತದೆ?"

ಹುಣಸೆಮರದ ಬುಡದಲ್ಲಿ ನಿಂತಿದ್ದ ಧನಲಕ್ಷ್ಮಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಚನ್ನಪಟ್ಟಣದಿಂದ ಸಾತನೂರಿನ ಬಸ್ಸು ಹಿಡಿದು ಬಂದವಳು, ಕೇಳಿದವರಿಗೆಲ್ಲ ಸತ್ತವಳ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದೆ ಎಂದು ಹೇಳಿದ್ದಳು. ಮುನಿರತ್ನಮ್ಮ ಜನ್ಮದಲ್ಲೇ ರೇಷ್ಮೆಗೂಡು ಮುಟ್ಟಿದವಳಲ್ಲ.

ಸುಳ್ಳಿಗೆ ಕಾರಣ ಪಕ್ಕದಲ್ಲೇ ನಿಂತಿತ್ತು. ಇದೇ ಊರಿನ ಬೈರಮ್ಮ. ಅವರ ಮಗ ಮನೋಹರನಿಗೂ ಧನಲಕ್ಷ್ಮಿಯ ಮಗಳು ರಮ್ಯಾಳಿಗೂ ಮುಂದಿನ ತಿಂಗಳು ಮದುವೆ. "ನೀನು ಹೋಗ್ಬೇಡಮ್ಮ, ನಿಂದೂ ಗೊತ್ತಾಗೋಗ್ತದೆ" ಎಂದು ರಮ್ಯಾ ಬೆಳಿಗ್ಗೆ ಕೈ ಹಿಡಿದುಕೊಂಡಿದ್ದಳು. "ದೂರ ನಿಂತು ಒಂದಿಡಿ ಮಣ್ಣು ಹಾಕಿ ಬತ್ತೀನಿ" ಎಂದು ಧನಲಕ್ಷ್ಮಿ ಮಾತು ಕೊಟ್ಟು ಬಂದಿದ್ದಳು.

ಮುನಿರತ್ನಮ್ಮನ ಸಂಘದಿಂದ ಇನ್ನೂ ಹತ್ತು ಜನ ಬಂದಿದ್ದರು. ರೋಶನ್ ಬೀ ತೊಟ್ಟಿಯ ಪಕ್ಕ, ನವ್ಯಶ್ರೀ ಗೋಡೆಯ ಹತ್ತಿರ, ಉಳಿದವರು ಅಲ್ಲೊಬ್ಬರು ಇಲ್ಲೊಬ್ಬರು. ಒಬ್ಬರೂ ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಅದು ಸತ್ತವಳೇ ಕಲಿಸಿದ ಪಾಠ.

* * *

ರಾಮನಗರದಲ್ಲಿ ಎಚ್‌ಐವಿ ಮಾತ್ರೆ ಕೊಡುವ ದಿನ, ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸಂಘ ಸೇರುತ್ತಿತ್ತು. ಒಳಗೆ ಇದ್ದಷ್ಟು ಹೊತ್ತು ಒಬ್ಬರ ಬುತ್ತಿಗೆ ಇನ್ನೊಬ್ಬರ ಕೈ, ನಗು, ಜಗಳ. ಹೊರಡುವಾಗ ಮುನಿರತ್ನಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಗೇಟು ದಾಟಿದ್ಮೇಲೆ ನೀನ್ಯಾರೋ ನಾನ್ಯಾರೋ. ಬಸ್‌ಸ್ಟ್ಯಾಂಡಲ್ಲಿ ಸಿಕ್ರೂ ಹಲ್ಲು ಕಿರೀಬೇಡಿ."

ಒಮ್ಮೆ ರೋಶನ್ ಬೀ ಪ್ರೀತಿ ತಡೆಯಲಾರದೆ ಹೊಸಬಳೊಬ್ಬಳನ್ನು ಬಸ್‌ಸ್ಟ್ಯಾಂಡಿನಲ್ಲಿ ತಬ್ಬಿಕೊಂಡಿದ್ದಳು. ಜೊತೆಗಿದ್ದ ಅತ್ತೆ ಬಿಡದೆ ವಿಚಾರಿಸಿದಳು. ವಾರದೊಳಗೆ ಆ ಹುಡುಗಿ ಮನೆಯಿಂದ ಹೊರಗಿದ್ದಳು. ಆಮೇಲಿನಿಂದ ಈ ಕಟ್ಟಳೆ.

ಮುನಿರತ್ನಮ್ಮ ಮಾತ್ರ ತನ್ನ ಹೆಸರು, ಊರು ಎಲ್ಲ ಹೇಳಿಯೇ ಮೈಕ್ ಹಿಡಿಯುತ್ತಿದ್ದಳು. ಕೂಲಿ ಬಿಟ್ಟು ತಿಂಗಳು ತಿಂಗಳು ಬರಲಾಗದು, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಎಂದು ಕೇಳಿದ್ದು ಅವಳೇ. "ಎಲ್ರೂ ಬಾಯಿ ಬಿಡ್ಬೇಕಾಗಿಲ್ಲ. ನಾನೊಬ್ಬಳು ಬಿಟ್ಟಿದ್ದೀನಲ್ಲ" ಎನ್ನುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ, ಗಂಡ ಸತ್ತು, ತನ್ನ ರಿಪೋರ್ಟೂ ಕೈಗೆ ಬಂದ ದಿನ ಧನಲಕ್ಷ್ಮಿ ರೈಲು ಹಳಿಯ ಕಡೆ ಹೊರಟಿದ್ದಳು. ಆಗಿನ್ನೂ ಗುರುತು ಪರಿಚಯವಿಲ್ಲದ ಮುನಿರತ್ನಮ್ಮ ಆಸ್ಪತ್ರೆಯಿಂದಲೇ ಹಿಂದೆ ಬಂದು, ಮೋರಿಯ ಕಟ್ಟೆಯ ಮೇಲೆ ಕೂರಿಸಿ, ಒಂದೇ ಡಬ್ಬಿಯಲ್ಲಿ ಉಂಡಳು, ಉಣ್ಣಿಸಿದಳು. "ಮಾತ್ರೆ ತಿಂದು ನನ್ನಂಗೆ ಗುಂಡಗಾಗು. ಸಾಯೋಕೇನವಸರ?"

* * *

"ನಡೀರಿ ಬೀಗಿತ್ತಿ, ಬಸ್ಸಿನ ಹೊತ್ತಾಯ್ತು" ಎಂದರು ಬೈರಮ್ಮ. "ಇಲ್ಲಿ ನಿಂತ್ಕೊಂಡು ಏನ್ಮಾಡದು?"

ಹೋಗಿಬಿಡಬಹುದಿತ್ತು. ಧನಲಕ್ಷ್ಮಿ ಎರಡು ಹೆಜ್ಜೆ ಹಾಕಿಯೂ ಹಾಕಿದಳು. ಅಷ್ಟರಲ್ಲಿ ಮುನಿಶಾಮಯ್ಯ ಮೈಗೆ ಕೈ ತಾಗದ ಹಾಗೆ ಚಾಪೆಯನ್ನೇ ಹಿಡಿದು ಎಳೆದ. ಜಗಲಿಯ ಅಂಚಿಗೆ ತಂಗಿಯ ತಲೆ ಬಡಿಯಿತು.

ಧನಲಕ್ಷ್ಮಿ ಗಕ್ಕನೆ ಹಿಂದಕ್ಕೆ ತಿರುಗಿದಳು.

"ರೋಶನ್ ಬೀ!"

ಅಂಗಳಕ್ಕೆ ಅಂಗಳವೇ ತಿರುಗಿತು. ರೋಶನ್ ಬೀ ಮಾತ್ರ ಕಟ್ಟಳೆ ಮೀರದೆ, ಇನ್ಯಾರನ್ನೋ ಕರೆದರೆಂಬಂತೆ ತೊಟ್ಟಿಯನ್ನೇ ನೋಡುತ್ತಿದ್ದಳು.

"ನಿನ್ನೇ ಕಣೆ! ಬಿಂದಿಗೆ ತುಂಬು. ನವ್ಯಶ್ರೀ, ಸೀಗೆಪುಡಿ ಎಲ್ಲೈತೆ ನೋಡು. ಅಣ್ಣ, ನೀವು ಚಾಪೆ ಬುಡಿ. ನಾವು ಮುಟ್ತೀವಿ."

ಬೈರಮ್ಮ ಅವಳ ತೋಳು ಹಿಡಿದರು. "ಇವ್ರೆಲ್ಲ ನಿಮಗೆಂಗೆ ಗೊತ್ತು?"

ಧನಲಕ್ಷ್ಮಿಗೆ ಮಗಳ ಮುಖ ಕಣ್ಣಿಗೆ ಕಟ್ಟಿತ್ತು. ಆದರೂ ಬಾಯಿ ಸುಳ್ಳು ಹೇಳಲು ಒಪ್ಪಲಿಲ್ಲ.

"ಒಟ್ಟಿಗೆ ಮಾತ್ರೆ ಈಸ್ಕೋತೀವಿ ಬೈರಮ್ಮೋರೆ. ಹನ್ನೆರಡು ವರ್ಸದಿಂದ."

ಬೈರಮ್ಮನ ಕೈ ತೋಳಿನಿಂದ ಜಾರಿತು. ಅವರು ಬೀದಿಗೆ ಇಳಿದು, ಫೋನನ್ನು ಕಿವಿಗಿಟ್ಟುಕೊಂಡೇ ನಡೆದರು.

ರೋಶನ್ ಬೀ ಬಿಂದಿಗೆ ತಂದಳು. ಗೋಡೆ ಬಿಟ್ಟು, ಮರ ಬಿಟ್ಟು ಒಬ್ಬೊಬ್ಬರೇ ಬಂದು ಚಾಪೆಯ ಸುತ್ತ ಸೇರಿದರು. ಹರಿದ ನೀರು ಅಂಗಳ ದಾಟುವಾಗ ಊರವರು ಚಪ್ಪಲಿ ಎತ್ತಿಕೊಂಡು ಹಿಂದೆ ಸರಿದರು. ಧನಲಕ್ಷ್ಮಿ ಮುನಿರತ್ನಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೀಗೆ ಹಚ್ಚುತ್ತಿದ್ದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಳ್ಳತೊಡಗಿತು.

"ಅಕ್ಕ, ರಮ್ಯಾ ಇರ್ಬೇಕು" ಎಂದಳು ನವ್ಯಶ್ರೀ.

"ಹೂಂ. ನೀನು ಹುಯ್ಯಿ."

ನವ್ಯಶ್ರೀ ತಂಬಿಗೆ ಬಗ್ಗಿಸಿದಳು. ಸೀಗೆ ಇಳಿದು ಉರಿಯದಿರಲೆಂದು ಧನಲಕ್ಷ್ಮಿ ಸತ್ತವಳ ಎರಡೂ ಕಣ್ಣುಗಳ ಮೇಲೆ ಅಂಗೈ ಅಡ್ಡ ಹಿಡಿದಳು.