ಎರಡನೇ ಬೆಂಚಿನ ಮೋಹಿನಿ

ಹೊಳೆಬದಿ ಬಾಯ್ಸ್ ಹೈಸ್ಕೂಲಿಗೆ ಮೊದಲ ಕಲ್ಲು ಇಟ್ಟವನು ಮದ್ರಾಸ್ ಸರಕಾರದ ಬಿಳಿ ಕಲೆಕ್ಟರ. ಅಂದಿನಿಂದ ಅಲ್ಲಿ ಗಂಡುಮಕ್ಕಳು ಮಾತ್ರ. ಈಗ ಆ ಗಂಡುಮಕ್ಕಳೇ ಬರುತ್ತಿಲ್ಲ. ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರೆ ಶಾಲೆ ಉಳಿದೀತು, ಇಲ್ಲವಾದರೆ ಬರುವ ಜೂನಿನಲ್ಲಿ ಬಾಗಿಲು ತೆರೆಯುವುದಿಲ್ಲ ಎಂದು ಹೆಡ್‌ಮಾಸ್ತರರು ದೋಹಾದ ಹಳೆವಿದ್ಯಾರ್ಥಿ ಸಂಘಕ್ಕೆ ಫೋನ್ ಮಾಡಿದ್ದರು. ಶಾಲೆಗೆ ಹಣ ಕಳಿಸುವ ಸಂಘ ಒಪ್ಪದೆ ಆಡಳಿತ ಮಂಡಳಿ ಒಪ್ಪುವಂತಿರಲಿಲ್ಲ. ಸಂಘದ ಅಧ್ಯಕ್ಷ ಪಕೀರಬ್ಬ ಬ್ಯಾರಿಗಳದು ಒಂದೇ ಮಾತು: ಆಗದು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬ್ಯಾರಿಗಳು ದೋಹಾದ ಅಲ್ ಮುಂತಜಾ ಬಡಾವಣೆಯ ನಮ್ಮ ಫ್ಲಾಟಿಗೆ ಬಂದರು. ಸಂಜೆಯ ಸಭೆಯಲ್ಲಿ ಓದಲು ಶಾಲೆಯ ಚರಿತ್ರೆ ಬರೆಸಬೇಕಿತ್ತು. ನನ್ನ ಮಗ ಟೆರೆನ್ಸ್ ಸಂಘದ ಕಾರ್ಯದರ್ಶಿ, ಆದರೆ ಅವನ ಕನ್ನಡ ಅಕ್ಷರ ಅವನಿಗೇ ಓದಲು ಬಾರದು. ಹಾಗಾಗಿ ಪೆನ್ನು ನನ್ನ ಕೈಗೆ ಬಂತು.

"ಬರೀರಿ ಎಡ್ನಾ ಬಾಯಿ. ಕಲೆಕ್ಟರನ ಕಾಲದಿಂದ ಇವತ್ತಿನವರೆಗೆ ಒಂದು ಹೆಣ್ಣಿನ ಕಾಲು ಆ ಶಾಲೆಯ ಹೊಸ್ತಿಲು ದಾಟಿಲ್ಲ."

ನಾನು ಬರೆಯಲಿಲ್ಲ. ಕಾದೆ. ಬ್ಯಾರಿಗಳು ಚಹಾ ಹೀರಿ ನಕ್ಕರು.

"ಒಬ್ಬಳು ದಾಟಿದ್ದು ಉಂಟು. ಮೋಹಿನಿ."

"ಎಂತ ಮೋಹಿನಿ, ಕಾಕ?" ಟೆರೆನ್ಸ್ ಕೇಳಿದ.

"ಒಂಬತ್ತನೇ ಕ್ಲಾಸಿನ ಎರಡನೇ ಬೆಂಚು ನಂದು. ಬೆಳಿಗ್ಗೆ ಹೋದ್ರೆ ಬೆಂಚಿನ ಮೇಲೆ ಮಲ್ಲಿಗೆ ಎಸಳು! ಗಂಡುಮಕ್ಕಳ ಶಾಲೆಗೆ ಮಲ್ಲಿಗೆ ಎಲ್ಲಿಂದ ಮಾರಾಯಾ? ಹೊಳೆಗೆ ಬಿದ್ದು ಸತ್ತವಳು ರಾತ್ರಿ ಬಂದು ಕೂರ್ತಾಳೆ ಅಂತ ಹುಡುಗರೆಲ್ಲ ಹೇಳಿದ್ರು. ನಾನು ಹೆದರಿ ದಿನಾ ಸಂಜೆ ಡೆಸ್ಕಿನೊಳಗೆ ನೆಲಕಡಲೆ ಪೊಟ್ಟಣ ಇಟ್ಟು ಓಡೋದು. ಬೆಳಿಗ್ಗೆ ನೋಡಿದ್ರೆ ಖಾಲಿ!"

"ಹುರಿದದ್ದು. ಉಪ್ಪು ಸ್ವಲ್ಪ ಜಾಸ್ತಿ," ಎಂದೆ.

"ಹೌದು ಬಾಯಿ. ನಿಮಗೆ ಹೇಗೆ ಗೊತ್ತು?"

"ತಿಂದದ್ದು ನಾನಲ್ವಾ ಬ್ಯಾರಿಗಳೇ."

ಅವರ ಕೈಯ ಲೋಟ ಹಾಗೇ ನಿಂತಿತು. ನಾನು ನಿಧಾನವಾಗಿ ಹೇಳಿದೆ. ಹಗಲಿಡೀ ಬೀಡಿ ಕಟ್ಟುವ ಹೆಂಗಸರಿಗೆ ಮಾಸ್ತರರೊಬ್ಬರು ದೀಪ ಹಚ್ಚಿದ ಮೇಲೆ ಪಾಠ ಮಾಡುತ್ತಿದ್ದರು. ಹುಡುಗರು ಮನೆಗೆ ಹೋದ ಮೇಲೆ ನಾವು ಹೊಳೆಯ ಕಡೆಯ ಬಾಗಿಲಿನಿಂದ ಒಳಗೆ ಹೋಗುವುದು. ಎರಡನೇ ಬೆಂಚಿನಲ್ಲಿ ನಾನು ಮತ್ತು ಪೂವಕ್ಕ. ಮಲ್ಲಿಗೆ ಮುಡಿಯದೆ ಪೂವಕ್ಕ ಮನೆಯಿಂದ ಹೊರಡುತ್ತಿರಲಿಲ್ಲ. ಹಸಿದು ಬಂದವರಿಗೆಂದು ಮಾಸ್ತರರೇ ಕಡಲೆ ಇಡುತ್ತಾರೆಂದು ನಾವು ನಂಬಿದ್ದೆವು. ಅವರನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದೆವು. ಅವರು ಯಾಕೆಂದು ತಿಳಿಯದೆ ತಾವೂ ಮುಗಿಯುತ್ತಿದ್ದರು.

"ನೈಟ್ ಕ್ಲಾಸ್ ಅಂದ್ರೆ ಚರ್ಚಿನಲ್ಲಿ ಅಂತ ಅಲ್ವಾ ಮಮ್ಮಿ ನಾನು ತಿಳ್ಕೊಂಡದ್ದು!" ಎಂದ ಟೆರೆನ್ಸ್.

ಬ್ಯಾರಿಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮತ್ತೆ ಮುಖ ಬಿಗಿದುಕೊಂಡರು. "ಅದು ರಾತ್ರಿ ಶಾಲೆ. ಇದು ಬೇರೆ."

"ಬೆಂಚು ಅದೇ."

"ಹಿಂದಿನ ಬಾಗಿಲಿನಿಂದ ಬಂದದ್ದಲ್ವಾ ನೀವು?"

"ಹೌದು. ಮುಂದಿನದ್ದಕ್ಕೆ ಬೀಗ ಇತ್ತು."

ಬ್ಯಾರಿಗಳು ನನ್ನ ಮುಂದಿದ್ದ ಹಾಳೆ ಎತ್ತಿ ನೋಡಿ ಕೇಳಿದರು, "ಹೆಣ್ಣಿನ ಕಾಲು ದಾಟಿಲ್ಲ ಅಂದೆನಲ್ಲ, ಅದು ಎಲ್ಲಿ?"

"ಬರೆದಿಲ್ಲ."

"ಒಳ್ಳೇದಾಯ್ತು. ಖಲಾಸ್."

ಶಾಲೆಯಲ್ಲಿ ಗಂಟೆಯ ಬದಲು ರೈಲು ಹಳಿಯ ತುಂಡನ್ನು ಬಡಿಯುತ್ತಿದ್ದರು. ದೋಹಾದಲ್ಲೂ ಅಂಥದೊಂದು ತುಂಡು ತೂಗುಹಾಕಿ, ಬಂದವರಲ್ಲಿ ಎಲ್ಲರಿಗಿಂತ ಹಳೆಯ ವಿದ್ಯಾರ್ಥಿಯಿಂದ ಬಡಿಸಿ ಸಭೆ ಶುರುಮಾಡುವುದು ಸಂಘದ ರೂಢಿ. ವರ್ಷ ವರ್ಷವೂ ಬಡಿಯುತ್ತಿದ್ದವರು ಬ್ಯಾರಿಗಳೇ. ಆ ಸಂಜೆ ಅವರು ಸುತ್ತಿಗೆಯನ್ನು ನನ್ನ ಕೈಗಿಟ್ಟು ಮೋಹಿನಿಯ ಕತೆ ಹೇಳಿದರು. ಸಭೆಯಲ್ಲಿ ನಗು ಎದ್ದಿತು. ಹೆಣ್ಣುಮಕ್ಕಳನ್ನು ಸೇರಿಸಲು ಒಪ್ಪುವವರು ಕೈ ಎತ್ತಿ ಎಂದರು ಬ್ಯಾರಿಗಳು.

"ಹೆಸರಲ್ಲೇ ಬಾಯ್ಸ್ ಉಂಟಲ್ಲ ಕಾಕ, ಅದಕ್ಕೆ ಎಂತ ಮಾಡೋದು?" ಹಿಂದಿನಿಂದ ಅನ್ಸಾಫ್ ಕೂಗಿದ.

"ಬೋರ್ಡಿಗೆ ಸ್ವಲ್ಪ ಪೈಂಟ್ ಹೊಡಿ. ನಿನ್ನದೇ ಪೈಂಟ್ ಅಂಗಡಿ ಅಲ್ವಾ?"

ಎಲ್ಲ ಕೈಗಳೂ ಏಳಲಿಲ್ಲ, ಬೇಕಾದಷ್ಟು ಎದ್ದವು. ಬ್ಯಾರಿಗಳು ಅಲ್ಲಿಂದಲೇ ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿದರು.

"ಸೇರಿಸಿಕೊಳ್ಳಿ ಸಾರ್. ಮುಂದಿನ ಬಾಗಿಲಿನಿಂದ."

ಮತ್ತೆ ಜುಬ್ಬಾದ ಜೇಬಿನಿಂದ ಒಂದು ಪೊಟ್ಟಣ ತೆಗೆದು ನನ್ನ ಮಡಿಲಿಗೆ ಹಾಕಿದರು. ನೆಲಕಡಲೆ. ಈ ಸಲ ಉಪ್ಪು ಹದವಾಗಿತ್ತು.