ಗಾಜಿನ ಬಾಗಿಲ ಪಾಠ

ಅಸಮಾನತೆ ಏನೆಂಬುದು ಬರೀ ಪುಸ್ತಕ ಓದಿದರೆ ತಲೆಗೆ ಹತ್ತುವುದಿಲ್ಲ ಎಂಬುದು ಸಮಾಜಶಾಸ್ತ್ರದ ಮೇಡಂ ಅವರ ಹಟ. ಮೊದಲ ವರ್ಷದ ಹುಡುಗಿಯರನ್ನು ಗುಂಪು ಮಾಡಿ ಬೀದಿಗೆ ಅಟ್ಟಿದರು. ಒಂದೇ ಅಂಗಡಿಗೆ ಒಬ್ಬಳು ಠಾಕುಠೀಕಾಗಿ ಹೋಗಬೇಕು, ಇನ್ನೊಬ್ಬಳು ಬಡವಳಾಗಿ. ಬಾಗಿಲಲ್ಲಿ ಯಾರಿಗೆ ಏನು ಮರ್ಯಾದೆ ಸಿಗುತ್ತದೆಂದು ನೋಡಿ ಬರಬೇಕು.

ಒಂದು ಗುಂಪು ಊರಿನ ದೊಡ್ಡ ಬಟ್ಟೆ ಅಂಗಡಿಯನ್ನು ಆರಿಸಿತು. ಆ ಗುಂಪಿನಲ್ಲಿ ಮಾತು ಕಮ್ಮಿಯ ಹುಡುಗಿಯೊಬ್ಬಳಿದ್ದಳು. ಅಲ್ಲಿ ಗಾಜಿನ ಬಾಗಿಲು ಕಾಯುವವನು ಅವಳಪ್ಪ. ಕಾಲೇಜಿನಲ್ಲಿ ಮಾತ್ರ ಅಪ್ಪ ಆಫೀಸಿನಲ್ಲಿದ್ದಾರೆಂದು ಬುರುಡೆ ಬಿಟ್ಟಿದ್ದಳು. ಈಗ ಆ ಅಂಗಡಿ ಬೇಡವೆಂದರೆ ಯಾಕೆ ಅನ್ನುತ್ತಾರೆ. ಎಲ್ಲರ ಜೊತೆ ತಾನೂ ಹೂಂ ಎಂದಳು.

“ಬಡವಿ ಪಾರ್ಟು ನೀನೇ ಮಾಡೇ, ನಿಂಗೆ ಚೆನ್ನಾಗಿ ಒಪ್ಪುತ್ತೆ,” ಎಂದಳು ಠಾಕುಠೀಕಿನ ಪಾರ್ಟು ಹಿಡಿದ ಡಾಕ್ಟರ ಮಗಳು.

ಮಾತು ಕಮ್ಮಿಯವಳು ಮನೆಯಲ್ಲಿ ದಿನಾ ಹಾಕುವ ಬಟ್ಟೆಯಲ್ಲೇ ಬಂದಳು. ವೇಷ ಭರ್ಜರಿಯಾಗಿದೆ ಎಂದು ಎಲ್ಲರೂ ಬೆನ್ನು ತಟ್ಟಿದರು. ವೇಷವಂತೆ!

ಡಾಕ್ಟರ ಮಗಳಿಗೆ ಅಪ್ಪ ಸಲಾಮು ಹೊಡೆದು ಬಾಗಿಲು ತೆರೆದ. ಹಿಂದೆಯೇ ಬಂದ ತನ್ನ ಮಗಳನ್ನು ಕಂಡು ಅವನ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರು ಕೆಮ್ಮಿದ. ಮಾಸಿದ ಬಟ್ಟೆಯವರನ್ನು ವಿಚಾರಿಸದೆ ಬಿಡಕೂಡದೆಂಬುದು ಆ ಮಹಾಶಯನದೇ ಕಟ್ಟಪ್ಪಣೆ. ಅಪ್ಪ ಕೈ ಅಡ್ಡ ಹಿಡಿದ.

“ಏನಮ್ಮಾ, ಏನ್ ಬೇಕಿತ್ತು?”

“ಏನಿಲ್ಲ,” ಎಂದು ತಿರುಗಿದಳು. ಎದುರಿಗೆ ಗೆಳತಿಯರು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರು.

ಮೇಡಂ ಅದನ್ನು ಕ್ಲಾಸಿನಲ್ಲಿ ತೋರಿಸಿದರು. “ನೋಡಿ, ತಾನೂ ಬಡವ, ಬಡವರನ್ನೇ ತಡೀತಾನೆ. ಯಾಕೆ?” ಉತ್ತರಗಳು ಬೇಕಾದಷ್ಟು ಬಂದವು. ಮ್ಯಾನೇಜರು ವಿಡಿಯೋದಲ್ಲಿ ಎಲ್ಲೂ ಇರಲಿಲ್ಲ. ನಿಜ ಗೊತ್ತಿದ್ದ ಒಬ್ಬಳು ನಾಚಿಕೆಯಿಂದ ತಲೆ ತಗ್ಗಿಸಿ ಕೂತಳು.

ಅಂಗಡಿಯವರು ತಿದ್ದಿಕೊಳ್ಳಲಿ ಎಂಬ ಒಳ್ಳೆಯ ಮನಸ್ಸಿನಿಂದ ಮೇಡಂ ಮಾಲೀಕರಿಗೂ ವಿಡಿಯೋ ಕಳಿಸಿದರು. ಅವರು ತಕ್ಷಣ ತಿದ್ದಿಕೊಂಡರು. ಬಾಗಿಲು ಕಾಯುವವನನ್ನು ಕಿತ್ತುಹಾಕಿದರು. ಮ್ಯಾನೇಜರು ಇವತ್ತಿಗೂ ಅಲ್ಲೇ ಕೆಮ್ಮುತ್ತಿದ್ದಾನೆ.

ಅಪ್ಪ ಸಮವಸ್ತ್ರ ಬಿಚ್ಚಿಕೊಟ್ಟು ಮನೆಗೆ ಬಂದಾಗ ಅಮ್ಮ ಹಣೆ ಚಚ್ಚಿಕೊಂಡಳು. “ಯಾವೋ ಕಾಲೇಜು ಹುಡುಗೀರಂತೆ. ನಮ್ಮ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ, ಅವರ ಕೈ ಸೇದ್ಹೋಗ!”

“ಶಾಪ ಹಾಕ್ಬೇಡ ಕಣೇ!” ಎಂದೂ ದನಿ ಏರಿಸದ ಅಪ್ಪ ಕಿರುಚಿದ. ಆಮೇಲೆ ತಗ್ಗಿದ ದನಿಯಲ್ಲಿ, “ಮಕ್ಕಳು ಪಾಪ, ಅವರಿಗೆ ಪಾಠ ಇತ್ತಂತೆ,” ಎಂದ.

ಅಮ್ಮ ಮುಖ ತೊಳೆಯಲು ಎದ್ದುಹೋದಳು. ಅಪ್ಪ ಮಗಳ ಹತ್ತಿರ ಜರುಗಿ, ಯಾರಿಗೂ ಕೇಳದ ಹಾಗೆ ಕೇಳಿದ.

“ನೀನು ಪಾಸಾದೆ ತಾನೇ?”

ಅವಳ ಗುಂಪು ಕ್ಲಾಸಿಗೇ ಮೊದಲು ಬಂದಿತ್ತು. ಅವಳು ಹೌದೆಂದು ತಲೆಯಾಡಿಸಿದಳು.