ಸಾವಿನ ಕಾರಣ

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಮಗಳು ನರ್ಸಮ್ಮನ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

"ಏನು ಬರೀತಿದ್ದೀರಿ ಸಿಸ್ಟರ್?"

"ನಿಮ್ಮಮ್ಮನ ಸಾವಿಗೆ ಕಾರಣ ಬರೀಬೇಕಲ್ಲಮ್ಮ. ಕುಡಿತ ಅಂತ ಇವರು ಹೇಳಿದ್ರು."

ಇವರು ಎಂದರೆ ಬಾಗಿಲಾಚೆ ನಿಂತಿದ್ದ ಚಿನ್ನದಂಗಡಿಯವನು. ಬೀದಿಯ ಗಂಡಸರು ಗುಂಡಿ ತೋಡಿ ತರುವ ಅದಿರಿಗೆ ಪಾದರಸ ಕೊಡುವವನೂ ಅವನೇ, ಕೊನೆಗೆ ಚಿನ್ನ ಕೊಳ್ಳುವವನೂ ಅವನೇ.

"ಸುಳ್ಳಾ? ಕೈ ನಡುಗೋದು, ನಡೆದ್ರೆ ತೂರಾಡೋದು, ಇಡೀ ಬೀದೀನೇ ನೋಡಿದೆ," ಎಂದ. "ಸತ್ತೋರ ಬಗ್ಗೆ ಕೆಟ್ಟದ್ದು ಆಡಬಾರದು, ಆದ್ರೂ..."

"ಆಡೋದೆಲ್ಲ ಆಡಿ ಆಯ್ತಲ್ಲಣ್ಣ," ಎಂದಳು ಮೂಲೆಯಲ್ಲಿದ್ದ ಚಿಕ್ಕಮ್ಮ.

ನಡುಮನೆಯಲ್ಲಿ ಅಮ್ಮ ಮಲಗಿದ್ದಳು. ನಲವತ್ತೇಳು ವರ್ಷ.

*

ಅಡುಗೆಮನೆಯ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಚಿನ್ನ ಹೀರಿಕೊಂಡ ಪಾದರಸದ ಉಂಡೆಯನ್ನು ಅಮ್ಮ ಬಾಣಲೆಯಲ್ಲಿ ಸುಡುತ್ತಿದ್ದಳು. ಹೊರಗೆ ಸುಟ್ಟರೆ ಎಷ್ಟು ಚಿನ್ನ ಸಿಕ್ಕಿತೆಂದು ನೆರೆಮನೆಗೆ ಗೊತ್ತಾಗುತ್ತದಲ್ಲ! ಎಲ್ಲ ಮನೆಯಲ್ಲೂ ಇದೇ ಪದ್ಧತಿ, ಸುಡುವವರು ಹೆಂಗಸರೇ. ಪಾದರಸವೆಲ್ಲ ಆವಿಯಾಗಿ ತಳದಲ್ಲಿ ಹಳದಿ ಮಣಿ ಉಳಿಯುವವರೆಗೆ ಅವಳು ಅಲ್ಲೇ ಕೂರುತ್ತಿದ್ದಳು. ಮೊದಲು ಒಸಡು ಊದಿತು. ಆಮೇಲೆ ಲೋಟದ ಚಹಾ ಮಡಿಲಿಗೆ ಚೆಲ್ಲತೊಡಗಿತು.

"ಬೆಳಿಗ್ಗೇನೇ ಏರಿಸ್ಕೊಂಡಿದ್ದೀಯಾ?" ಎಂದು ಅಂಗಡಿಯವನು ನಕ್ಕಿದ್ದ.

"ಕೈ ತಾನೇ ನಡುಗೋದು? ನಾಲಿಗೆ ಇನ್ನೂ ಗಟ್ಟಿಯಾಗಿದೆ ಕಣೋ."

ನಾಲಿಗೆಯೂ ತೊದಲುವವರೆಗೆ ಅಮ್ಮ ಹಾಗೇ ಅನ್ನುತ್ತಿದ್ದಳು.

*

"ಪಾದರಸ ಅಂತ ಬರೀರಿ," ಎಂದಳು ಮಗಳು. ನಾಲ್ಕು ಜನರೆದುರು ಬಾಯಿ ಬಿಡದವಳಿಗೆ ತನ್ನ ದನಿಯೇ ಹೊಸದೆನಿಸಿತು.

"ಬರೆದ್ರೆ ತನಿಖೆ ಬರುತ್ತೆ, ಗುಂಡಿ ಮುಚ್ಚಿಸ್ತಾರೆ. ಆಮೇಲೆ ಇಡೀ ಬೀದಿಯ ಹೊಟ್ಟೆಗೆ ತಣ್ಣೀರು ಬಟ್ಟೆ," ಎಂದ ಅಂಗಡಿಯವನು. "ಪಾದರಸ ಏನೂ ಮಾಡಲ್ಲ."

"ಹಾಗಿದ್ರೆ ಒಳಗೆ ಬನ್ನಿ. ಕಿಟಕಿ ಮುಚ್ತೀನಿ. ನಿಮ್ಮ ಕೈಯಾರೆ ಒಂದೇ ಒಂದು ಉಂಡೆ ಸುಡಿ. ಕುಡಿತ ಅಂತ ನಾನೇ ಬರೆದುಕೊಡ್ತೀನಿ."

ಅವನು ಹೊಸ್ತಿಲು ದಾಟಲಿಲ್ಲ. "ಹೆಂಗಸರ ಕೆಲಸಕ್ಕೆ ನನ್ನ ಕರೀತಾಳಲ್ಲಪ್ಪ," ಎಂದು ನಗಲು ನೋಡಿದ.

ಮಗಳು ಕಾಗದದ ಮೇಲೆ ತನ್ನ ಬಲಗೈ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ನಾನು ಯಾವತ್ತು ಕುಡಿದೆ, ಹೇಳಿ."

ಚಿಕ್ಕಮ್ಮ ಎದ್ದು ಬಂದು ಪಕ್ಕದಲ್ಲೇ ಕೈ ಚಾಚಿದಳು. ಬಳೆಗಳು ತಾವಾಗಿಯೇ ಸದ್ದು ಮಾಡಿದವು. ಎದುರುಮನೆಯ ಬಾಣಂತಿ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು ಬಂದಳು. ಅವಳ ಹಿಂದೆ ದರ್ಜಿಯ ಹೆಂಡತಿ, ಅವಳ ಹಿಂದೆ ಅವಳತ್ತೆ. ಗಾಳಿಯಾಡದ ಆ ಕೋಣೆಯಲ್ಲಿ, ನರ್ಸಮ್ಮನ ಪೆನ್ನಿನ ಸುತ್ತ, ಅಷ್ಟೂ ಕೈಗಳು ಅಲುಗುತ್ತಿದ್ದವು.